ಬಲ್ಬ್ ಬದಲಾಯಿಸೋ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ದೀಪದ ಬಗ್ಗೆನೇ ಇವೆ. ಎಲ್‌ಇಡಿ ಹಾಕ್ಬೇಕಾ, ಇರೋ ಸಿಎಫ್‌ಎಲ್ ಏನ್ ಮಾಡೋದು, ಟ್ಯೂಬ್‌ಲೈಟ್ ತೆಗೀಬೇಕಾ, ಹೀಗೆ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಸೇರ್ಸಿ ಉತ್ತರ ಬರ್ದಿದೀನಿ. ಕೆಲವು ಉತ್ತರ ಉದ್ದ ಆಗಿದೆ, ಯಾಕಂದ್ರೆ ಅಲ್ಲಿ ಸುಮ್ನೆ ಹೌದು ಇಲ್ಲ ಅಂದ್ಬಿಟ್ರೆ ಕೇಳಿದವ್ರಿಗೆ ಏನೂ ಉಪಯೋಗ ಆಗಲ್ಲ.

ಪ್ರಶ್ನೆ: ಸರ್, ನಮ್ಮನೇಲಿ ಎಲ್ಲಾ ರೂಮಲ್ಲೂ ಸಿಎಫ್‌ಎಲ್ ಇದೆ, ಎಲ್ಲಾನೂ ಚೆನ್ನಾಗೇ ಉರೀತಿದೆ. ಎಲ್ಲಾನೂ ತೆಗ್ದು ಒಂದೇ ಸಲ ಎಲ್‌ಇಡಿ ಹಾಕ್ಸೋಣ ಅಂತ ಮಗ ಹಟ ಹಿಡ್ದಿದಾನೆ. ನಿಜವಾಗ್ಲೂ ಅಷ್ಟೊಂದು ಉಳಿಯತ್ತಾ?

ಉತ್ತರ: ಲೆಕ್ಕ ಹಾಕಿ ನೋಡೋಣ. ಹಳೇ 60 ವಾಟ್ ಫಿಲಮೆಂಟ್ ಬಲ್ಬ್ ಕೊಡ್ತಿದ್ದ ಬೆಳಕು ಸುಮಾರು 800 ಲ್ಯೂಮೆನ್ (ಲ್ಯೂಮೆನ್ ಅಂದ್ರೆ ಬಲ್ಬ್ ಕೊಡೋ ಬೆಳಕಿನ ಅಳತೆ) ಅಂತ ಇಟ್ಕೊಳಿ. ಅಷ್ಟೇ ಬೆಳಕಿಗೆ ಸಿಎಫ್‌ಎಲ್ ಆದ್ರೆ 14 ವಾಟ್ ಹತ್ತಿರ ಬೇಕು, ಎಲ್‌ಇಡಿ ಆದ್ರೆ 8ರಿಂದ 9 ವಾಟ್ ಸಾಕು. ದಿನಕ್ಕೆ 5 ಗಂಟೆ ಉರಿಸಿದ್ರೆ ವರ್ಷಕ್ಕೆ ಫಿಲಮೆಂಟ್ ಬಲ್ಬ್ ಸುಮಾರು 110 ಯೂನಿಟ್ ತಗೊಳತ್ತೆ, ಸಿಎಫ್‌ಎಲ್ ಸುಮಾರು 26, ಎಲ್‌ಇಡಿ ಸುಮಾರು 16. ಅಂದ್ರೆ ಫಿಲಮೆಂಟ್ ಬಲ್ಬ್ ತೆಗ್ದು ಸಿಎಫ್‌ಎಲ್ ಹಾಕಿದ ದಿನವೇ ನೀವು ಉಳಿತಾಯದ ದೊಡ್ಡ ಪಾಲನ್ನ ಪಡೆದಾಗಿದೆ, ಈಗ ಉಳಿದಿರೋದು ಒಂದು ಬಲ್ಬಿಗೆ ವರ್ಷಕ್ಕೆ 9-10 ಯೂನಿಟ್ ಅಷ್ಟೇ.

ಹಾಗಂತ ಮಗ ಹೇಳೋದು ತಪ್ಪಲ್ಲ, ಆದ್ರೆ ಎಲ್ಲಾ ಬಲ್ಬನ್ನೂ ಒಂದೇ ದಿನ ತೆಗೀಬೇಕಾಗಿಲ್ಲ. ಯಾವ ದೀಪ ದಿನಕ್ಕೆ ಅತಿ ಹೆಚ್ಚು ಹೊತ್ತು ಉರಿಯತ್ತೋ ಅದನ್ನ ಮೊದ್ಲು ಬದಲಾಯಿಸಿ. ಹಾಲ್, ಅಡುಗೆಮನೆ, ರಾತ್ರಿಯೆಲ್ಲಾ ಹಾಕಿಡೋ ಹೊರಗಿನ ದೀಪ, ಇವು ಮೊದ್ಲು. 12 ಗಂಟೆ ಉರಿಯೋ ಹೊರಗಿನ ದೀಪ ಒಂದನ್ನ ಬದಲಾಯ್ಸಿದ್ರೆ ಆಗೋ ಉಳಿತಾಯ, ದಿನಕ್ಕೆ 10 ನಿಮಿಷ ಉರಿಯೋ ಸ್ಟೋರ್ ರೂಮಿನ ಬಲ್ಬನ್ನ ಬದಲಾಯ್ಸಿದ್ರೆ ಎಷ್ಟು ವರ್ಷ ಆದ್ರೂ ಸಿಗಲ್ಲ. ಆಮೇಲೆ ಬಚ್ಚಲು, ಮೆಟ್ಟಿಲು ಥರ ಪದೇ ಪದೇ ಹಾಕಿ ಆರಿಸೋ ಜಾಗ ನೋಡಿ. ಅಲ್ಲಿ ಯೂನಿಟ್ ಉಳಿಯೋದು ಕಮ್ಮಿನೇ, ಆದ್ರೆ ಸಿಎಫ್‌ಎಲ್‌ಗೆ ಪ್ರತಿ ಸಲ ಹೊತ್ತಿಕೊಳ್ಳುವಾಗ್ಲೂ ಒಳಗಿನ ಎಲೆಕ್ಟ್ರೋಡ್ ಸವೆಯತ್ತೆ, ಪೂರ್ತಿ ಬೆಳಕು ಬರೋಕೆ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ನಿಮ್ ಕೆಲ್ಸಾನೇ ಮುಗ್ದಿರತ್ತೆ. ಎಲ್‌ಇಡಿಗೆ ಈ ಎರಡೂ ತೊಂದ್ರೆ ಇಲ್ಲ. ಬೇರೆ ರೂಮಲ್ಲಿ ಚೆನ್ನಾಗಿ ಉರೀತಿರೋ ಸಿಎಫ್‌ಎಲ್ ಇರ್ಲಿ ಬಿಡಿ, ಬುಡದ ಹತ್ರ ಗಾಜು ಕಪ್ಪಾಗಿ ಬೆಳಕು ಮಂಕಾದಾಗ ತೆಗೀರಿ. ಆಗ ಹಾಕೋದು ಮಾತ್ರ ಎಲ್‌ಇಡಿನೇ ಆಗ್ಲಿ, ಇನ್ನೊಂದು ಸಿಎಫ್‌ಎಲ್ ಹುಡುಕ್ಕೊಂಡು ಹೋಗ್ಬೇಡಿ.

ಪ್ರಶ್ನೆ: ಡಬ್ಬದ ಮೇಲೆ "60 ವಾಟ್‌ಗೆ ಸಮ" ಅಂತ ಬರ್ದಿತ್ತು, ತಂದು ಹಾಕಿದ್ರೆ ಮೊದಲಿನಷ್ಟು ಬೆಳಕೇ ಇಲ್ಲ. ನಮಗೆ ಮೋಸ ಆಯ್ತಾ?

ಉತ್ತರ: ಆ "ಸಮ" ಅನ್ನೋ ಮಾತನ್ನ ನೋಡ್ಬೇಡಿ, ಲ್ಯೂಮೆನ್ ಎಷ್ಟು ಅಂತ ನೋಡಿ. ವಾಟ್ ಅಂದ್ರೆ ಬಲ್ಬ್ ಎಷ್ಟು ಕರೆಂಟ್ ತಿನ್ನತ್ತೆ ಅಂತ ಹೇಳೋದು, ಬೆಳಕು ಎಷ್ಟು ಬರತ್ತೆ ಅಂತ ಹೇಳೋದು ಲ್ಯೂಮೆನ್. ಫಿಲಮೆಂಟ್ ಬಲ್ಬ್ ಇದ್ದಾಗ ಎಲ್ಲಾ ಕಂಪನಿದೂ ಹೆಚ್ಚು ಕಮ್ಮಿ ಒಂದೇ ಥರ ಇರ್ತಿದ್ರಿಂದ ವಾಟ್ ಹೇಳಿದ್ರೆ ಬೆಳಕು ಗೊತ್ತಾಗ್ತಿತ್ತು. ಈಗ ಹಾಗಿಲ್ಲ, ಒಂದು 9 ವಾಟ್ ಎಲ್‌ಇಡಿ 700 ಲ್ಯೂಮೆನ್ ಕೊಟ್ರೆ ಇನ್ನೊಂದು 9 ವಾಟ್ 1000 ಕೊಡತ್ತೆ.

ನೆನಪಿಟ್ಕೊಳೋಕೆ ಅಂದಾಜು ಹೀಗಿದೆ: 40 ವಾಟ್ ಫಿಲಮೆಂಟ್ ಬಲ್ಬಿನ ಜಾಗಕ್ಕೆ 470 ಲ್ಯೂಮೆನ್, 60ರ ಜಾಗಕ್ಕೆ 800, 75ರ ಜಾಗಕ್ಕೆ 1050, 100ರ ಜಾಗಕ್ಕೆ 1500. ಇದಕ್ಕಿಂತ ಸ್ವಲ್ಪ ಜಾಸ್ತಿನೇ ತಗೊಳಿ ಅಂತ ನಾನು ಹೇಳ್ತೀನಿ, ಯಾಕಂದ್ರೆ ಎಲ್‌ಇಡಿ ಬೆಳಕು ವರ್ಷ ಕಳೆದ ಹಾಗೆ ನಿಧಾನಕ್ಕೆ ಕಮ್ಮಿ ಆಗ್ತಾ ಹೋಗತ್ತೆ.

ಇನ್ನೊಂದು ಕಾರಣನೂ ಇರ್ಬೋದು. ಫಿಲಮೆಂಟ್ ಬಲ್ಬ್, ಸಿಎಫ್‌ಎಲ್ ಎರಡೂ ಸುತ್ತಲೂ ಬೆಳಕು ಚೆಲ್ತವೆ. ಎಲ್‌ಇಡಿ ಚಿಪ್ ಹುಟ್ಟಿಂದ್ಲೇ ಒಂದು ಕಡೆಗೆ ಮಾತ್ರ ಬೆಳಕು ಬಿಡೋದು, ಬಿಳಿ ಡೂಮ್ ಹಾಕಿ ಅದನ್ನ ಹರಡ್ತಾರೆ, ಆದ್ರೂ ಎಷ್ಟೋ ಬಲ್ಬಲ್ಲಿ ಬುಡದ ಕಡೆಗೆ ಬೆಳಕು ಹೋಗಲ್ಲ. ನೇರ ಕೆಳಗೆ ನೇತಾಡೋ ಹೋಲ್ಡರ್ ಆದ್ರೆ ಇದು ಒಳ್ಳೇದೇ, ಬೆಳಕೆಲ್ಲಾ ಬೇಕಾದ ಕಡೆಗೇ ಬೀಳತ್ತೆ. ಗೋಡೆಗೆ ಅಡ್ಡಕ್ಕೆ ಹಾಕೋ ಹೋಲ್ಡರಲ್ಲಿ ಅಥವಾ ಟೇಬಲ್ ಲ್ಯಾಂಪ್ ಶೇಡ್ ಒಳಗೆ ಹಾಕಿದ್ರೆ ಮಾತ್ರ ರೂಮಿನ ಅರ್ಧ ಕತ್ಲಾದ ಹಾಗೆ ಕಾಣತ್ತೆ. ಅಂಥ ಕಡೆಗೆ ಗಾಜಿನ ಒಳಗೆ ಹಳದಿ ಕಡ್ಡಿಗಳಿರೋ ಎಲ್‌ಇಡಿ ಫಿಲಮೆಂಟ್ ಬಲ್ಬ್ ತಗೊಳಿ, ಅದು ಸುತ್ತಲೂ ಬೆಳಕು ಬಿಡತ್ತೆ.

ಪ್ರಶ್ನೆ: 25,000 ಗಂಟೆ ಬಾಳಿಕೆ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರ್ದಿರ್ತಾರೆ, ನಮ್ಮ ಹಾಲಲ್ಲಿ ಗ್ಲಾಸ್ ಡೂಮ್ ಒಳಗೆ ಹಾಕಿದ ಎಲ್‌ಇಡಿಗಳು ವರ್ಷ ಕೂಡ ಬರಲ್ಲ. ಹಳೇ ಸಿಎಫ್‌ಎಲ್ಲೇ ಇದಕ್ಕಿಂತ ಜಾಸ್ತಿ ದಿನ ಬಂತು. ಎಲ್‌ಇಡಿ ಬಗ್ಗೆ ಹೇಳೋದೆಲ್ಲಾ ಬರೀ ಪ್ರಚಾರ ಅಂತ ಅನ್ಸೋಕೆ ಶುರುವಾಗಿದೆ.

ಉತ್ತರ: ನಿಮ್ಮ ಬೇಜಾರು ನ್ಯಾಯವಾದದ್ದೇ, ಇದೇ ಮಾತನ್ನ ಈ ಸಲ ತುಂಬಾ ಜನ ಬರ್ದಿದಾರೆ. ಆದ್ರೆ ಕಾರಣ ನಿಮ್ಮ ಪತ್ರದಲ್ಲೇ ಇದೆ, ಗ್ಲಾಸ್ ಡೂಮ್.

ಎಲ್‌ಇಡಿ ಬಿಸಿ ಆಗಲ್ಲ ಅಂತ ತುಂಬಾ ಜನ ನಂಬಿದಾರೆ, ಅದು ಸರಿಯಲ್ಲ. 9 ವಾಟ್ ಬಲ್ಬಲ್ಲಿ ಹೆಚ್ಚು ಕಮ್ಮಿ ಮೂರನೇ ಒಂದು ಭಾಗ ಬೆಳಕಾಗತ್ತೆ, ಉಳಿದದ್ದೆಲ್ಲಾ ಶಾಖನೇ. ಫಿಲಮೆಂಟ್ ಬಲ್ಬಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಶಾಖ ಇತ್ತು, ಆದ್ರೆ ಅದು ಬೆಳಕಿನ ಜೊತೆಗೇ ಕಿರಣದ ರೂಪದಲ್ಲಿ ಹೊರಗೆ ಹೋಗ್ತಿತ್ತು, ತಂತಿನೇ 2,400 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾದು ಕೆಲ್ಸ ಮಾಡೋದು, ಸ್ವಲ್ಪ ಬಿಸಿ ಜಾಸ್ತಿ ಆದ್ರೆ ಅದಕ್ಕೇನೂ ಲೆಕ್ಕ ಇರ್ಲಿಲ್ಲ. ಎಲ್‌ಇಡಿಯ ಶಾಖ ಹಾಗೆ ಹೊರಗೆ ಹಾರಿ ಹೋಗಲ್ಲ, ಚಿಪ್ಪಿನ ಹಿಂಭಾಗದಿಂದ ಬಲ್ಬಿನ ಬುಡದ ಅಲ್ಯೂಮಿನಿಯಂ ಮೂಲಕ ಸುತ್ತಲಿನ ಗಾಳಿಗೆ ಹೋಗ್ಬೇಕು. ಮುಚ್ಚಿದ ಡೂಮಲ್ಲಿ ಆ ಗಾಳಿಗೇ ಹೊರಗೆ ಹೋಗೋಕೆ ದಾರಿ ಇಲ್ಲ, ಬಲ್ಬ್ ತನ್ನ ಶಾಖದಲ್ಲೇ ಬೇಯತ್ತೆ.

ಸಾಯೋದು ಯಾವುದು ಅಂತ ಕೇಳಿದ್ರೆ, ಹೆಚ್ಚಿನ ಸಲ ಚಿಪ್ ಅಲ್ಲ. ಬುಡದಲ್ಲಿ ಡ್ರೈವರ್ ಅಂತ ಒಂದು ಪುಟ್ಟ ಸರ್ಕ್ಯೂಟ್ ಇರತ್ತೆ, ಮನೆಗೆ ಬರೋ ಎಸಿ ಕರೆಂಟನ್ನ ಚಿಪ್ಪಿಗೆ ಬೇಕಾದ ಡಿಸಿ ಮಾಡೋದು ಅದರ ಕೆಲ್ಸ. ಅದರಲ್ಲಿರೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವ ಇರತ್ತೆ, ಬಿಸಿಗೆ ಅದು ಒಣಗ್ತಾ ಬರತ್ತೆ, 10 ಡಿಗ್ರಿ ಬಿಸಿ ಜಾಸ್ತಿ ಆದ್ರೆ ಅದರ ಆಯುಸ್ಸು ಅರ್ಧ ಆಗತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್ ಕೆಲ್ಸದವ್ರು ಬಳಸೋ ಅಂದಾಜು. 20 ಡಿಗ್ರಿ ಜಾಸ್ತಿ ಆದ್ರೆ ಕಾಲು ಭಾಗ. ಬಲ್ಬ್ ಹೋಗೋ ಮುಂಚೆ ಮಿಣಿ ಮಿಣಿ ಅನ್ನೋಕೆ ಶುರು ಮಾಡಿದ್ರೆ ಸಾಮಾನ್ಯವಾಗಿ ಹೋಗ್ತಿರೋದು ಡ್ರೈವರ್ರೇ. ಇನ್ನು ವೋಲ್ಟೇಜ್ ಪದೇ ಪದೇ ಏರಿಳಿಯೋ ಕಡೆ ಅಗ್ಗದ ಡ್ರೈವರ್‌ಗಳು ಬೇಗ ಹೋಗೋದೂ ಇದೆ.

ಈಗ ಆ 25,000 ಗಂಟೆ. ಅಷ್ಟು ಗಂಟೆ ಬಲ್ಬನ್ನ ಉರಿಸಿ ನೋಡಿ ಯಾರೂ ಬರ್ದಿರಲ್ಲ, ಬಿಡದೆ ಉರಿಸಿದ್ರೂ ಹೆಚ್ಚು ಕಮ್ಮಿ ಮೂರು ವರ್ಷ ಬೇಕಲ್ಲ. ಎಲ್‌ಇಡಿ ಚಿಪ್‌ಗಳನ್ನ ಕನಿಷ್ಠ 6,000 ಗಂಟೆ ಪರೀಕ್ಷೆ ಮಾಡಿ, ಬೆಳಕು ಎಷ್ಟು ಇಳೀತು ಅಂತ ಅಳೆದು, ಶುರುವಿನ ಬೆಳಕಿನ ನೂರಕ್ಕೆ 70 ಭಾಗಕ್ಕೆ ಇಳಿಯೋಕೆ ಇನ್ನೆಷ್ಟು ಗಂಟೆ ಆಗ್ಬೋದು ಅಂತ ಲೆಕ್ಕದಿಂದ ಮುಂದಕ್ಕೆ ಎಳೀತಾರೆ. ಆ ಸಂಖ್ಯೆ ಮುಖ್ಯವಾಗಿ ಚಿಪ್ಪಿನ ಕಥೆ ಹೇಳತ್ತೆ, ಡ್ರೈವರ್ ಕಥೆ ಅಲ್ಲ, ನಿಮ್ಮ ಡೂಮ್ ಕಥೆ ಅಂತೂ ಅಲ್ವೇ ಅಲ್ಲ. ಡಬ್ಬದ ಮೇಲೆ ಇದನ್ನ ಸರಿಯಾಗಿ ಬಿಡಿಸಿ ಹೇಳ್ಬೇಕಿತ್ತು ಅನ್ನೋದು ನನ್ನ ಗಟ್ಟಿಯಾದ ಅಭಿಪ್ರಾಯ, ಹೇಳದೆ ಇರೋದ್ರಿಂದ್ಲೇ ಜನಕ್ಕೆ ಒಳ್ಳೇ ತಂತ್ರಜ್ಞಾನದ ಮೇಲೇ ನಂಬಿಕೆ ಹೋಗ್ತಿದೆ.

ನೀವು ಮಾಡ್ಬೇಕಾದ್ದು ಇಷ್ಟು. ಡೂಮಿಗೆ ಹಾಕೋದಾದ್ರೆ ಮುಚ್ಚಿದ ಫಿಟಿಂಗ್‌ಗೆ ಆಗತ್ತೆ ಅಂತ ಡಬ್ಬದ ಮೇಲೆ ಬರ್ದಿರೋ ಬಲ್ಬನ್ನೇ ತಗೊಳಿ. ಒಂದು 15 ವಾಟ್ ಹಾಕೋ ಬದ್ಲು ಎರಡು ಕಡೆ 7 ವಾಟ್ ಹಾಕೋಕೆ ಆದ್ರೆ ಅದು ಇನ್ನೂ ಒಳ್ಳೇದು, ಶಾಖ ಹಂಚಿ ಹೋಗತ್ತೆ. ಡೂಮ್ ಮೇಲೆ ಕೆಳಗೆ ತೆರೆದಿರೋ ಥರದ್ದಕ್ಕೆ ಬದಲಾಯ್ಸೋಕೆ ಆದ್ರೆ ಬದಲಾಯ್ಸಿ. ಕೈಗೆ ಹಗುರ ಅನ್ಸೋ, ಬುಡದಲ್ಲಿ ಬರೀ ಪ್ಲಾಸ್ಟಿಕ್ ಇರೋ ಬಲ್ಬನ್ನ ಜಾಸ್ತಿ ಹೊತ್ತು ಉರಿಯೋ ಜಾಗಕ್ಕೆ ಹಾಕ್ಬೇಡಿ. ವಾರಂಟಿ ಎಷ್ಟು ವರ್ಷ ಅಂತ ನೋಡಿ, ಬಿಲ್ ಇಟ್ಕೊಳಿ, ಅದು ಆ 25,000ಕ್ಕಿಂತ ನಂಬೋಕೆ ಆಗೋ ಸಂಖ್ಯೆ.

ಪ್ರಶ್ನೆ: 5 ನಿಮಿಷಕ್ಕೆ ರೂಮಿಂದ ಹೊರಗೆ ಹೋದ್ರೆ ಲೈಟ್ ಆರಿಸ್ಬೇಕಾ? ಮತ್ತೆ ಹಾಕುವಾಗ ಜಾಸ್ತಿ ಕರೆಂಟ್ ಎಳೆಯತ್ತೆ ಅಂತಾರಲ್ಲ.

ಉತ್ತರ: ಎಲ್‌ಇಡಿ ಆದ್ರೆ ಯೋಚ್ನೆ ಮಾಡ್ದೆ ಆರಿಸಿ. ಸಿಎಫ್‌ಎಲ್, ಟ್ಯೂಬ್‌ಲೈಟ್ ಹೊತ್ತಿಕೊಳ್ಳುವಾಗ ಒಂದು ಕ್ಷಣ ಜಾಸ್ತಿ ಎಳೆಯೋದು ನಿಜ, ಆದ್ರೆ ಅದು ಕೆಲವೇ ಸೆಕೆಂಡ್ ಉರಿಸಿದಷ್ಟು ಖರ್ಚು, ಬಿಲ್ಲಲ್ಲಿ ಕಾಣಲ್ಲ. ಅವುಗಳ ಸಮಸ್ಯೆ ಕರೆಂಟ್ ಅಲ್ಲ, ಬಾಳಿಕೆ. ಅದಕ್ಕೇ 15 ನಿಮಿಷದ ಒಳಗೆ ವಾಪಸ್ ಬರೋ ಹಾಗಿದ್ರೆ ಸಿಎಫ್‌ಎಲ್ ಹಾಗೇ ಬಿಟ್ರೆ ಪರ್ವಾಗಿಲ್ಲ ಅಂತ ಹೇಳೋದು.

ಪ್ರಶ್ನೆ: ನಮ್ಮಲ್ಲಿ ಇನ್ನೂ ಚೋಕ್, ಸ್ಟಾರ್ಟರ್ ಇರೋ ಉದ್ದ ಟ್ಯೂಬ್‌ಲೈಟ್‌ಗಳಿವೆ. ತೆಳು ಟ್ಯೂಬ್ ಹಾಕಿದ್ರೆ ಸಾಕು ಅಂತ ಒಬ್ರು, ಎಲ್‌ಇಡಿ ಟ್ಯೂಬೇ ಹಾಕಿ ಅಂತ ಇನ್ನೊಬ್ರು. ಯಾರ ಮಾತು ಕೇಳ್ಲಿ? ಹಳೇ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಹಾಕ್ಬೋದಾ?

ಉತ್ತರ: ಟ್ಯೂಬ್‌ಲೈಟನ್ನ ಹಳೇ ಸಾಮಾನು ಅಂತ ತಳ್ಳಿಹಾಕೋ ಹಾಗಿಲ್ಲ, ಎಷ್ಟೋ ವರ್ಷ ಮನೆ ದೀಪಗಳಲ್ಲೆಲ್ಲಾ ಅತಿ ಕಮ್ಮಿ ಕರೆಂಟಲ್ಲಿ ಜಾಸ್ತಿ ಬೆಳಕು ಕೊಟ್ಟಿದ್ದು ಅದೇ. ನಾಲ್ಕಡಿ ಟ್ಯೂಬಲ್ಲೇ ಮೂರು ತಲೆಮಾರು ಇದೆ. ದಪ್ಪಂದು ಟಿ12, 38 ಮಿಲಿಮೀಟರ್, 40 ವಾಟ್. ಮಧ್ಯಮದ್ದು ಟಿ8, 26 ಮಿಲಿಮೀಟರ್, 36 ವಾಟ್. ತೆಳು ಟಿ5, 16 ಮಿಲಿಮೀಟರ್, 28 ವಾಟ್. ಆ ಟಿ ಪಕ್ಕದ ಅಂಕಿ ಇಂಚಿನ ಎಂಟನೇ ಭಾಗದ ಲೆಕ್ಕ, ಟಿ8 ಅಂದ್ರೆ ಸರಿಯಾಗಿ ಒಂದು ಇಂಚು ದಪ್ಪ.

ಜನ ಮರೆಯೋದು ಚೋಕನ್ನ. ತಾಮ್ರದ ಸುರುಳಿಯ ಹಳೇ ಚೋಕ್ ಸುಮ್ನೆ ಬಿಸಿ ಆಗೋದಕ್ಕೇ 8-10 ವಾಟ್ ತಿನ್ನತ್ತೆ, ಅಂದ್ರೆ 36 ವಾಟ್ ಟ್ಯೂಬ್ ಮೀಟರಿಗೆ 45 ವಾಟ್ ಹತ್ತಿರ ಕಾಣತ್ತೆ. ಟಿ5 ಎಲೆಕ್ಟ್ರಾನಿಕ್ ಚೋಕಲ್ಲಿ ನಡೆಯತ್ತೆ, ಎಲ್ಲಾ ಸೇರಿ ಸುಮಾರು 31-32 ವಾಟ್, ಬೆಳಕು 2,600 ಲ್ಯೂಮೆನ್ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ಎಲ್‌ಇಡಿ ಟ್ಯೂಬ್ 18-20 ವಾಟಲ್ಲಿ 2,000 ಲ್ಯೂಮೆನ್ ಹತ್ರ ಕೊಡತ್ತೆ. ಸಂಖ್ಯೆ ನೋಡಿದ್ರೆ ಎಲ್‌ಇಡಿ ಟ್ಯೂಬಿನ ಒಟ್ಟು ಬೆಳಕು ಕಮ್ಮಿನೇ, ಆದ್ರೆ ಹಳೇ ಟ್ಯೂಬಿನ ಅರ್ಧ ಬೆಳಕು ಮೇಲೆ ಸೀಲಿಂಗಿಗೂ ಹಿಂದೆ ಗೋಡೆಗೂ ಹೋಗಿ ಸ್ವಲ್ಪ ಭಾಗ ಅಲ್ಲೇ ಹೀರಿ ಹೋಗತ್ತೆ, ಎಲ್‌ಇಡಿದು ಮುಂದಕ್ಕೇ ಬೀಳೋದ್ರಿಂದ ಟೇಬಲ್ ಮೇಲೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಸೀಲಿಂಗ್ ಮಾತ್ರ ಸ್ವಲ್ಪ ಕತ್ಲಾಗಿ ಕಾಣತ್ತೆ.

ನನ್ನನ್ನ ಕೇಳಿದ್ರೆ ಟಿ5 ಇದ್ರೆ ಕೆಡೋ ತನಕ ಬಳಸಿ, ಹೊಸದಾಗಿ ಹಾಕೋದಾದ್ರೆ ಎಲ್‌ಇಡಿನೇ ಹಾಕಿ. ಇನ್ನೊಂದು ದೊಡ್ಡ ಕಾರಣನೂ ಇದೆ. ಫ್ಲೋರೊಸೆಂಟ್ ಟ್ಯೂಬ್, ಸಿಎಫ್‌ಎಲ್ ಎರಡರಲ್ಲೂ ಪಾದರಸ ಇದೆ, ಪಾದರಸದ ಬಳಕೆ ಕಮ್ಮಿ ಮಾಡೋಕೆ ಅಂತ 2013ರಲ್ಲಿ ಮಿನಮಾಟ ಒಪ್ಪಂದ ಆಯ್ತು, 2023ರಲ್ಲಿ ಅದರ ಸಭೆಯಲ್ಲಿ ಸಾಮಾನ್ಯ ಬೆಳಕಿಗೆ ಬಳಸೋ ಫ್ಲೋರೊಸೆಂಟ್ ಟ್ಯೂಬ್‌ಗಳ ತಯಾರಿಕೆ, ಆಮದು, ರಫ್ತನ್ನ 2027ರ ಹೊತ್ತಿಗೆ ನಿಲ್ಲಿಸೋದು ಅಂತ ತೀರ್ಮಾನ ಆಗಿದೆ. ಮುಂದೆ ಬದಲಿ ಟ್ಯೂಬ್ ಸಿಗೋದೇ ಕಷ್ಟ ಆಗತ್ತೆ.

ಹಳೇ ಪಟ್ಟಿಗೆ ಹಾಕೋ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಇಲ್ಲಿ ಜೀವದ ಪ್ರಶ್ನೆ ಇದೆ. ಎಲ್‌ಇಡಿ ಟ್ಯೂಬಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಇರೋ ಚೋಕ್ ಜೊತೆಗೇ ಕೆಲ್ಸ ಮಾಡತ್ತೆ, ಹಳೇ ತಾಮ್ರದ ಚೋಕ್ ಆದ್ರೆ ಸ್ಟಾರ್ಟರ್ ಜಾಗಕ್ಕೆ ಟ್ಯೂಬ್ ಜೊತೆ ಕೊಡೋ ಬದಲಿ ತುಂಡನ್ನ ಹಾಕ್ಬೇಕು. ಇದು ಸುಲಭ, ಆದ್ರೆ ಚೋಕ್ ತಿನ್ನೋ ಕರೆಂಟ್ ಪೂರ್ತಿ ಉಳಿಯಲ್ಲ. ಇನ್ನೊಂದಕ್ಕೆ ಚೋಕ್ ತೆಗ್ದು ನೇರ ಮೈನ್ ಕರೆಂಟ್ ಕೊಡ್ಬೇಕು, ಉಳಿತಾಯ ಜಾಸ್ತಿ, ಚೋಕ್ ಕೆಡೋ ತಲೆನೋವೂ ಇಲ್ಲ, ಆದ್ರೆ ಇದು ಎಲೆಕ್ಟ್ರಿಷಿಯನ್ ಕೆಲ್ಸ. ಕೆಲವಕ್ಕೆ ಒಂದೇ ತುದಿಗೆ ಫೇಸ್ ನ್ಯೂಟ್ರಲ್ ಎರಡೂ ಹೋಗತ್ತೆ, ಕೆಲವಕ್ಕೆ ಒಂದು ತುದಿಗೆ ಫೇಸ್ ಇನ್ನೊಂದಕ್ಕೆ ನ್ಯೂಟ್ರಲ್. ಎರಡನೇ ಥರದ್ದನ್ನ ಕರೆಂಟ್ ಇರುವಾಗ ಒಂದು ತುದಿ ಸಿಕ್ಕಿಸಿ ಇನ್ನೊಂದು ತುದಿಯ ಪಿನ್ನನ್ನ ಕೈಯಲ್ಲಿ ಹಿಡಿದ್ರೆ ಶಾಕ್ ಹೊಡೆಯೋ ಅಪಾಯ ಇದೆ. ಮೈನ್ ಆಫ್ ಮಾಡ್ದೆ ಟ್ಯೂಬಿಗೆ ಕೈ ಹಾಕ್ಬೇಡಿ, ಮತ್ತೆ ವೈರಿಂಗ್ ಬದಲಾಯ್ಸಿದ ಪಟ್ಟಿ ಮೇಲೆ "ಎಲ್‌ಇಡಿ ಟ್ಯೂಬ್ ಮಾತ್ರ" ಅಂತ ಚೀಟಿ ಅಂಟಿಸಿ, ನಾಳೆ ಬೇರೆ ಯಾರೋ ಬಂದು ಹಳೇ ಟ್ಯೂಬ್ ಹಾಕೋಕೆ ಹೋಗ್ಬಾರ್ದು.

ಪ್ರಶ್ನೆ: ಮಗು ಮಲಗೋ ರೂಮಲ್ಲಿ ಸಿಎಫ್‌ಎಲ್ ಬಿದ್ದು ಒಡೀತು. ಗುಡಿಸಿ ಹಾಕಿದೆ. ಆಮೇಲೆ ಅದರಲ್ಲಿ ಪಾದರಸ ಇರತ್ತೆ ಅಂತ ಗೊತ್ತಾಗಿ ತುಂಬಾ ಭಯ ಆಗ್ತಿದೆ ಮೇಡಂ ಅಥವಾ ಸರ್, ದಯವಿಟ್ಟು ಉತ್ತರ ಕೊಡಿ.

ಉತ್ತರ: ಮೊದ್ಲು ಧೈರ್ಯ ತಗೊಳಮ್ಮ. ಒಂದು ಸಿಎಫ್‌ಎಲ್ ಒಳಗೆ ಇರೋ ಪಾದರಸ ಸಾಮಾನ್ಯವಾಗಿ 5 ಮಿಲಿಗ್ರಾಂ ಒಳಗೇ, ಹಳೇ ಗಾಜಿನ ಜ್ವರದ ಥರ್ಮಾಮೀಟರಲ್ಲಿ ಇದರ ನೂರು ಪಟ್ಟಿಗಿಂತ ಜಾಸ್ತಿ ಇರ್ತಿತ್ತು. ಒಂದು ಬಲ್ಬ್ ಒಡೆದು, ಕಿಟಕಿ ತೆಗ್ದು ಕ್ಲೀನ್ ಮಾಡಿದ್ರೆ ಮಗುವಿಗೆ ಏನೋ ಆಗ್ಬಿಡತ್ತೆ ಅಂತ ಹೆದರೋ ಪ್ರಮಾಣ ಅಲ್ಲ ಅದು. ರೂಮಿನ ಕಿಟಕಿ ಇನ್ನೂ ಸ್ವಲ್ಪ ಹೊತ್ತು ತೆಗೆದಿಡಿ, ಒದ್ದೆ ಬಟ್ಟೆಯಿಂದ ಆ ಜಾಗ ಇನ್ನೊಂದು ಸಲ ಒರೆಸಿ, ಚೂರು ಅಥವಾ ಪುಡಿ ಹಾಸಿಗೆ ಮೇಲೆ ಬಿದ್ದಿದ್ರೆ ಆ ಹೊದಿಕೆಯನ್ನ ಬಳಸ್ಬೇಡಿ, ಮಷೀನಿಗೆ ಹಾಕಿ ಒಗೀಲೂ ಬೇಡಿ.

ಬೇರೆಯವ್ರಿಗೂ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತೀನಿ. ಒಡೆದ ತಕ್ಷಣ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳ್ಸಿ, ಕಿಟಕಿ ತೆಗೀರಿ, ಎಸಿ ಇದ್ರೆ ಆರಿಸಿ, 10-15 ನಿಮಿಷ ಆ ರೂಮಿಗೆ ಹೋಗ್ಬೇಡಿ. ಆಮೇಲೆ ಗಟ್ಟಿ ಕಾಗದ ಅಥವಾ ರಟ್ಟಿನಿಂದ ಚೂರುಗಳನ್ನ ಎತ್ತಿ, ಸಣ್ಣ ಪುಡಿಯನ್ನ ಅಂಟು ಟೇಪಿನಿಂದ ಒತ್ತಿ ತೆಗೀರಿ, ಕೊನೆಗೆ ಒದ್ದೆ ಕಾಗದದಿಂದ ಒರೆಸಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಖಂಡಿತ ಬೇಡ, ಅದು ಪಾದರಸದ ಪುಡಿ, ಆವಿಯನ್ನ ರೂಮ್ ತುಂಬಾ ಹರಡತ್ತೆ. ಎಲ್ಲಾನೂ ಮುಚ್ಚಳ ಇರೋ ಗಾಜಿನ ಬಾಟ್ಲಿಗೆ ಹಾಕಿ ಇ-ವೇಸ್ಟ್ ತಗೊಳೋ ಕಡೆಗೆ ಕೊಡಿ. ಒಡೆಯದೆ ಸುಟ್ಟುಹೋದ ಸಿಎಫ್‌ಎಲ್, ಟ್ಯೂಬ್‌ಗಳನ್ನೂ ಅಲ್ಲಿಗೇ ಕೊಡಿ, ಮನೆ ಕಸಕ್ಕೆ ಹಾಕಿದ್ರೆ ಕಸ ಎತ್ತೋರ ಕೈಯಲ್ಲಿ ಅದು ಒಡೆಯತ್ತೆ, ಅವ್ರಿಗೆ ಅದು ಒಂದು ಬಲ್ಬ್ ಅಲ್ಲ, ದಿನಾ ಎಷ್ಟೋ ಬಲ್ಬ್. ಎಲ್‌ಇಡಿಯಲ್ಲಿ ಪಾದರಸ ಇಲ್ಲ, ಆದ್ರೆ ಸರ್ಕ್ಯೂಟ್ ಇರೋದ್ರಿಂದ ಅದೂ ಇ-ವೇಸ್ಟೇ.

ಪ್ರಶ್ನೆ: ಸ್ವಿಚ್ ಆಫ್ ಮಾಡಿದ್ರೂ ಎಲ್‌ಇಡಿ ರಾತ್ರಿ ಸಣ್ಣಗೆ ಮಿಣಿಮಿಣಿ ಅಂತ ಉರೀತಾನೇ ಇರತ್ತೆ. ಕರೆಂಟ್ ಸೋರ್ತಿದೆಯಾ?

ಉತ್ತರ: ಸ್ವಿಚ್ಚಲ್ಲಿ ಪುಟ್ಟ ಇಂಡಿಕೇಟರ್ ದೀಪ ಇದ್ಯಾ ನೋಡಿ. ಇದ್ರೆ ಆ ಇಂಡಿಕೇಟರ್ ಮೂಲಕ ಚೂರೇ ಚೂರು ಕರೆಂಟ್ ಬಲ್ಬಿಗೆ ಹೋಗ್ತಿರತ್ತೆ, ಹಳೇ ಬಲ್ಬಿಗೆ ಅದು ಏನೂ ಅಲ್ಲ, ಎಲ್‌ಇಡಿಗೆ ಅಷ್ಟೂ ಸಾಕು. ಅಪಾಯ ಇಲ್ಲ, ಬಿಲ್ಲಿಗೂ ಏನೂ ಆಗಲ್ಲ. ಇಂಡಿಕೇಟರ್ ಇಲ್ದೇ ಇದ್ರೂ ಉರೀತಿದ್ರೆ, ಉದ್ದಕ್ಕೆ ಅಕ್ಕಪಕ್ಕ ಹೋಗಿರೋ ವೈರುಗಳಿಂದ್ಲೂ ಹೀಗಾಗತ್ತೆ. ಆದ್ರೆ ಕೆಲವೊಮ್ಮೆ ಸ್ವಿಚ್ಚನ್ನ ಫೇಸ್ ಬದ್ಲು ನ್ಯೂಟ್ರಲ್ ವೈರಿಗೆ ಹಾಕ್ಬಿಟ್ಟಿರ್ತಾರೆ, ಆಗ ಸ್ವಿಚ್ ಆಫ್ ಇದ್ರೂ ಹೋಲ್ಡರಲ್ಲಿ ಕರೆಂಟ್ ಇರತ್ತೆ. ಅದು ಅಪಾಯ. ಎಲೆಕ್ಟ್ರಿಷಿಯನ್ ಕರ್ಸಿ ಒಂದ್ಸಲ ಟೆಸ್ಟ್ ಮಾಡ್ಸಿ.

ಪ್ರಶ್ನೆ: ನಾನು ಬಟ್ಟೆ ಹೊಲಿಯೋಳು. ಎಲ್‌ಇಡಿ ಕೆಳಗೆ ದಾರ, ಬಟ್ಟೆ ಬಣ್ಣ ಒಂದೇ ಥರ ಕಾಣತ್ತೆ, ಬೆಳಿಗ್ಗೆ ಹೊರಗೆ ತಂದು ನೋಡಿದ್ರೆ ಬೇರೆ ಬೇರೆ. ಜಾಸ್ತಿ ವಾಟ್ ಹಾಕಿದ್ರೆ ಸರಿ ಹೋಗತ್ತಾ?

ಉತ್ತರ: ವಾಟ್ ಜಾಸ್ತಿ ಮಾಡಿದ್ರೆ ಸರಿ ಹೋಗಲ್ಲ, ಬೆಳಕಿನ ಗುಣ ಬದಲಾಗ್ಬೇಕು. ಇದು ಎಲ್‌ಇಡಿ ಹೇಗೆ ಬಿಳಿ ಬೆಳಕು ಕೊಡತ್ತೆ ಅನ್ನೋದಕ್ಕೇ ಸಂಬಂಧಪಟ್ಟದ್ದು. ಕೆಂಪು ಎಲ್‌ಇಡಿ 1962ರಲ್ಲೇ ಬಂತು, ನಿಕ್ ಹೊಲೊನ್ಯಾಕ್ ಅನ್ನೋ ವಿಜ್ಞಾನಿ ಮಾಡಿದ್ದು. ಒಳ್ಳೇ ನೀಲಿ ಬೆಳಕು ಕೊಡೋ ಎಲ್‌ಇಡಿ ಬರೋಕೆ 1990ರ ದಶಕದ ತನಕ ಕಾಯ್ಬೇಕಾಯ್ತು, ಅದಕ್ಕೆ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ತು. ಆ ನೀಲಿ ಚಿಪ್ ಮೇಲೆ ಫಾಸ್ಫರ್ ಅನ್ನೋ, ನೀಲಿ ಬೆಳಕು ಹೀರಿ ಹಳದಿ ಬೆಳಕು ಬಿಡೋ ಪುಡಿ ಬಳಿದ್ರೆ ನೀಲಿ ಹಳದಿ ಸೇರಿ ಕಣ್ಣಿಗೆ ಬಿಳಿ ಅನ್ಸತ್ತೆ. ನಾವು ತರೋ ಬಲ್ಬೆಲ್ಲಾ ಹೆಚ್ಚು ಕಮ್ಮಿ ಇದೇ. ಕೆಂಪಿನ ಪಾಲು ಅದರಲ್ಲಿ ಸಾಲ್ದೇ ಹೋದ್ರೆ ಕೆಂಪು, ಮರೂನ್, ಕಂದು ಬಟ್ಟೆಗಳೆಲ್ಲಾ ಮಂಕಾಗಿ ಒಂದೇ ಥರ ಕಾಣ್ತವೆ.

ಬಣ್ಣ ಎಷ್ಟು ಸರಿಯಾಗಿ ತೋರ್ಸತ್ತೆ ಅನ್ನೋದಕ್ಕೆ ಸಿಆರ್‌ಐ ಅಂತ ಒಂದು ಅಳತೆ ಇದೆ, 100 ಅಂದ್ರೆ ಪೂರ್ತಿ. ಫಿಲಮೆಂಟ್ ಬಲ್ಬ್, ಹ್ಯಾಲೋಜೆನ್ ಎರಡೂ 100ರ ಹತ್ರ. ಸಿಎಫ್‌ಎಲ್ ಮತ್ತೆ ಸಾಮಾನ್ಯ ಎಲ್‌ಇಡಿ 80ರ ಆಸುಪಾಸು. ನೀವು 90 ಅಥವಾ ಅದಕ್ಕಿಂತ ಮೇಲಿರೋದನ್ನೇ ಕೇಳಿ ತಗೊಳಿ, ಅದರಲ್ಲೂ ಆರ್9 ಅಂತ ಬರ್ದಿದ್ರೆ ನೋಡಿ, ಗಾಢ ಕೆಂಪನ್ನ ಎಷ್ಟು ಚೆನ್ನಾಗಿ ತೋರ್ಸತ್ತೆ ಅಂತ ಹೇಳೋ ಸಂಖ್ಯೆ ಅದು, ಒಟ್ಟು ಸಿಆರ್‌ಐ ಲೆಕ್ಕದಲ್ಲಿ ಅದು ಸೇರಿರಲ್ಲ. ಇಂಥ ಬಲ್ಬ್ ಅದೇ ವಾಟಿಗೆ ಸ್ವಲ್ಪ ಕಮ್ಮಿ ಲ್ಯೂಮೆನ್ ಕೊಡತ್ತೆ, ಅದಕ್ಕೆ ಬೇಜಾರು ಮಾಡ್ಕೊಬೇಡಿ, ನಿಮ್ಮ ಕೆಲ್ಸಕ್ಕೆ ಅದೇ ಸರಿ. ಬಿಳಿ ಎಷ್ಟು ಬೆಚ್ಚಗಿರ್ಬೇಕು ಅನ್ನೋದು ಬೇರೆ ವಿಷಯ, ಅದು ಕೆಲ್ವಿನ್. 2,700 ಅಂದ್ರೆ ಹಳೇ ಬಲ್ಬಿನ ಹಳದಿ ಬಿಳಿ, 6,500 ಅಂದ್ರೆ ನೀಲಿ ಛಾಯೆಯ ಬಿಳಿ. ಹೊಲಿಗೆಗೆ 4,000-5,000 ಚೆನ್ನಾಗಿರತ್ತೆ.

ಪ್ರಶ್ನೆ: ಎಲ್‌ಇಡಿಯ ನೀಲಿ ಬೆಳಕು ಕಣ್ಣಿಗೆ ಕೆಟ್ಟದ್ದು ಅಂತ ಓದಿದೆ. ಅಲ್ದೆ ಹೊಸ ಬಲ್ಬ್ ಹಾಕಿದ್ಮೇಲೆ ಸಂಜೆ ತಲೆನೋವು ಬರ್ತಿದೆ.

ಉತ್ತರ: ಮನೆ ಬಲ್ಬಿಂದ ಕಣ್ಣು ಹಾಳಾಗತ್ತೆ ಅಂತ ಹೆದರ್ಬೇಡಿ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳತ್ತೆ ಅನ್ನೋದನ್ನ ಲಕ್ಸ್‌ನಲ್ಲಿ ಅಳೀತಾರೆ. ಬಿಸಿಲಲ್ಲಿ ನಿಂತ್ರೆ 50,000 ಲಕ್ಸ್‌ಗಿಂತ ಜಾಸ್ತಿ ಬೆಳಕು, ಅದರಲ್ಲಿ ನೀಲಿನೂ ಬೇಕಾದಷ್ಟು, ರೂಮೊಳಗೆ ಸಾಮಾನ್ಯವಾಗಿ ಇರೋದು ಕೆಲವು ನೂರು ಲಕ್ಸ್. ನಿದ್ದೆ ವಿಷಯ ಮಾತ್ರ ಬೇರೆ. ಕಣ್ಣಲ್ಲಿರೋ ಕೆಲವು ಜೀವಕೋಶಗಳು 480 ನ್ಯಾನೋಮೀಟರ್ ಸುತ್ತಮುತ್ತಲಿನ ನೀಲಿ ಬೆಳಕು ನೋಡಿ ಇನ್ನೂ ಹಗಲು ಅಂತ ಮೆದುಳಿಗೆ ಹೇಳ್ತವೆ, ನಿದ್ದೆಗೆ ಸಹಾಯ ಮಾಡೋ ಮೆಲಟೋನಿನ್ ಅನ್ನೋ ಹಾರ್ಮೋನ್ ಕಮ್ಮಿ ಆಗತ್ತೆ. ಅದಕ್ಕೇ ಮಲಗೋ ರೂಮಿಗೆ 2,700 ಕೆಲ್ವಿನ್, ಅದೂ ಮಂದ ಬೆಳಕು ಸಾಕು.

ತಲೆನೋವಿಗೆ ನನ್ನ ಅನುಮಾನ ಫ್ಲಿಕ್ಕರ್ ಮೇಲೆ. ಎಸಿ ಕರೆಂಟ್ ಸೆಕೆಂಡಿಗೆ 50 ಸಲ ತಿರುಗಿದ್ರೆ ಅಗ್ಗದ ಡ್ರೈವರ್ ಇರೋ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗತ್ತೆ. ಕಣ್ಣಿಗೆ ಕಾಣಲ್ಲ, ಆದ್ರೆ ಕೆಲವ್ರಿಗೆ ತಲೆನೋವು, ಕಣ್ಣುನೋವು ತರತ್ತೆ. ಹಳೇ ಚೋಕಿನ ಟ್ಯೂಬ್‌ಲೈಟಲ್ಲೂ ಇದೇ ತೊಂದ್ರೆ ಇತ್ತು, ಎಲೆಕ್ಟ್ರಾನಿಕ್ ಚೋಕ್ ಸೆಕೆಂಡಿಗೆ 20,000ಕ್ಕಿಂತ ಜಾಸ್ತಿ ಸಲ ಮಾಡೋದ್ರಿಂದ ಅದರಲ್ಲಿ ಇಲ್ಲ. ಮೊಬೈಲ್ ಕ್ಯಾಮೆರಾವನ್ನ ಸ್ಲೋ ಮೋಷನ್ನಲ್ಲಿಟ್ಟು ಬಲ್ಬ್ ಕಡೆ ಹಿಡೀರಿ, ಬೆಳಕು ಜೋರಾಗಿ ಹೊಡ್ಕೊಂಡ್ರೆ ಅಥವಾ ಕಪ್ಪು ಪಟ್ಟೆ ಓಡಿದ್ರೆ ಆ ಬಲ್ಬ್ ಓದೋ ಟೇಬಲಿಗೆ ಬೇಡ. ಬಲ್ಬ್ ಬದಲಾಯ್ಸಿದ್ಮೇಲೂ ತಲೆನೋವು ಹೋಗ್ಲಿಲ್ಲ ಅಂದ್ರೆ ಡಾಕ್ಟರನ್ನ ನೋಡಿ.

ಪ್ರಶ್ನೆ: ಹ್ಯಾಲೋಜೆನ್ ಕೂಡ ಎನರ್ಜಿ ಸೇವಿಂಗ್ ಅಂತ ಬರ್ದಿರ್ತಾರೆ?

ಉತ್ತರ: ಫಿಲಮೆಂಟ್ ಬಲ್ಬಿಗೆ ಹೋಲಿಸಿದ್ರೆ ನೂರಕ್ಕೆ 25-30 ಭಾಗ ಉಳಿಸತ್ತೆ, 60 ವಾಟ್ ಜಾಗಕ್ಕೆ 42-43 ವಾಟ್. ಅಷ್ಟೇ. ಇದೂ ಕಾಯ್ದ ತಂತಿಯ ಬಲ್ಬೇ, ಬಾಳಿಕೆ 2,000 ಗಂಟೆ ಆಸುಪಾಸು. ಓವನ್ ಒಳಗಿನ ದೀಪದಂಥ ತುಂಬಾ ಬಿಸಿ ಜಾಗಕ್ಕೆ ಮಾತ್ರ ಇರ್ಲಿ, ಅಲ್ಲಿ ಎಲ್‌ಇಡಿ ಬದುಕಲ್ಲ.

ಪ್ರಶ್ನೆ: ನಮ್ಮ ವರ್ಕ್‌ಶಾಪ್ ಅಂಗಳದಲ್ಲಿ ಹಳದಿ ಸೋಡಿಯಂ ದೀಪಗಳಿವೆ, ಒಳಗೆ ಮೆಟಲ್ ಹಾಲೈಡ್. ಇಂಡಕ್ಷನ್ ಲ್ಯಾಂಪ್ ಹಾಕಿ, ಎಲ್‌ಇಡಿಗಿಂತ ಬಾಳಿಕೆ ಅಂತ ಒಬ್ರು ಹೇಳ್ತಿದಾರೆ.

ಉತ್ತರ: ಸೋಡಿಯಂ ದೀಪ ಕರೆಂಟ್ ಉಳಿಸೋದ್ರಲ್ಲಿ ಕಡಿಮೆ ಏನಲ್ಲ, ವಾಟಿಗೆ 100 ಲ್ಯೂಮೆನ್ ಮೇಲೇ ಕೊಡತ್ತೆ. ಆದ್ರೆ ಅದರ ಸಿಆರ್‌ಐ 25ರ ಆಸುಪಾಸು, ಬಣ್ಣ ಗುರುತು ಹಿಡಿಯೋಕೇ ಆಗಲ್ಲ, ಬೆಳಕೂ ಸುತ್ತಲೂ ಚೆಲ್ಲಿ ಹೋಗತ್ತೆ. ಮೆಟಲ್ ಹಾಲೈಡ್ ಬಣ್ಣ ಚೆನ್ನಾಗಿ ತೋರ್ಸತ್ತೆ, ಆದ್ರೆ ಒಂದ್ಸಲ ಕರೆಂಟ್ ಹೋಗಿ ಬಂದ್ರೆ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳೋಕೆ 10-15 ನಿಮಿಷ ಬೇಕು, ಮಷೀನ್ ಓಡೋ ಜಾಗದಲ್ಲಿ ಅಷ್ಟು ಹೊತ್ತು ಕತ್ಲೆ ಅಂದ್ರೆ ಅಪಾಯ. ಇಂಡಕ್ಷನ್ ಲ್ಯಾಂಪಲ್ಲಿ ಎಲೆಕ್ಟ್ರೋಡ್ ಇಲ್ಲ, ಸವೆಯೋಕೆ ಏನೂ ಇಲ್ಲದ್ರಿಂದ 60,000 ಗಂಟೆ ಮೇಲೆ ಬಾಳಿಕೆ ಹೇಳ್ತಾರೆ, ಎತ್ತರದಲ್ಲಿ ಬಲ್ಬ್ ಬದಲಾಯ್ಸೋದು ಕಷ್ಟ ಇದ್ದ ಕಡೆ ಒಂದು ಕಾಲಕ್ಕೆ ಅದು ಒಳ್ಳೇ ಆಯ್ಕೆನೇ. ಈಗ ಅಲ್ಲ. ವಾಟಿಗೆ 70-80 ಲ್ಯೂಮೆನ್ ಅಷ್ಟೇ, ಒಳಗೆ ಪಾದರಸನೂ ಇದೆ, ಒಳ್ಳೇ ಎಲ್‌ಇಡಿ ಫ್ಲಡ್‌ಲೈಟ್ 120-150 ಕೊಡತ್ತೆ. ಎಲ್‌ಇಡಿನೇ ಹಾಕಿ, ಡ್ರೈವರ್ ಬೇರೆ ಬಿಚ್ಚಿ ಬದಲಾಯ್ಸೋ ಹಾಗಿರೋದನ್ನ ಆರಿಸಿ. ಹೊರಗಡೆಗೆ 3,000 ಕೆಲ್ವಿನ್ ಸಾಕು, ಕೆಳಮುಖ ಮಾಡಿ, ಹುಳಗಳೂ ಕಮ್ಮಿ ಬರ್ತವೆ, ಅಕ್ಕಪಕ್ಕದ ಮನೆಯವ್ರ ಕಣ್ಣಿಗೂ ಹೊಡೆಯಲ್ಲ.

ಪ್ರಶ್ನೆ: ಮೊಬೈಲಿಂದ ಆನ್ ಆಫ್ ಮಾಡೋ ಸ್ಮಾರ್ಟ್ ಎಲ್‌ಇಡಿ ಬಲ್ಬ್ ಹಾಕಿದ್ರೆ ಇನ್ನೂ ಉಳಿಯತ್ತಾ? ಮನೆ ತುಂಬಾ ಹಾಕೋಣ ಅಂತಿದೀನಿ.

ಉತ್ತರ: ಹಾಕೋ ಜಾಗದ ಮೇಲೆ ಹೋಗತ್ತೆ. ಸ್ಮಾರ್ಟ್ ಬಲ್ಬ್ ಆರಿಸಿದಾಗ್ಲೂ ನಿಮ್ಮ ಮೊಬೈಲ್ ಯಾವಾಗ ಕರೆಯತ್ತೋ ಅಂತ ಕಾಯ್ತಾ ಇರ್ಬೇಕು, ಅದಕ್ಕೆ ಅರ್ಧ ವಾಟ್ ಹತ್ರ ಬೇಕು ಅಂತ ಇಟ್ಕೊಂಡ್ರೆ ವರ್ಷಕ್ಕೆ 4 ಯೂನಿಟ್ ಮೇಲೆ ಆಯ್ತು. 9 ವಾಟ್ ಸಾಮಾನ್ಯ ಎಲ್‌ಇಡಿಯನ್ನ ದಿನಕ್ಕೆ ಒಂದು ಗಂಟೆ ಉರಿಸಿದ್ರೆ ವರ್ಷಕ್ಕೆ ಆಗೋದೇ 3.3 ಯೂನಿಟ್. ಅಂದ್ರೆ ಸ್ಟೋರ್ ರೂಮ್, ಗೆಸ್ಟ್ ರೂಮ್ ಥರ ಕಮ್ಮಿ ಬಳಸೋ ಕಡೆ ಬೆಳಕಿಗಿಂತ ಕಾಯೋದಕ್ಕೇ ಜಾಸ್ತಿ ಖರ್ಚಾಗತ್ತೆ, ಅಲ್ಲಿಗೆ ಸಾಮಾನ್ಯ ಬಲ್ಬ್, ಸಾಮಾನ್ಯ ಸ್ವಿಚ್ಚೇ ಸಾಕು. ಹಾಲಲ್ಲಿ ಬೆಳಕು ಮಂದ ಮಾಡಿ ಬಳಸೋ ಅಭ್ಯಾಸ ಇದ್ರೆ, ಅಥವಾ ಹೊರಗಿನ ದೀಪ ಬೆಳಿಗ್ಗೆ ಆರಿಸೋಕೆ ದಿನಾ ಮರೆಯೋ ಹಾಗಿದ್ರೆ, ಅಲ್ಲಿ ಒಂದೊಂದು ಹಾಕ್ಕೊಳಿ.